ಜೀನೋಮ್ ವಿಶ್ಲೇಷಣೆ ಎಲ್ಲಿ ಕೆಟ್ಟಿತು? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಸೀಕ್ವೆನ್ಸಿಂಗ್ (ಡಿಎನ್‌ಎಯ ಅಕ್ಷರ ಓದುವ ಕೆಲಸ) ಡೇಟಾ ಇಟ್ಟುಕೊಂಡು ಕೂತವರಿಗೆ ಎರಡು ಬಗೆಯ ತೊಂದರೆ ಬರುತ್ತದೆ. ಒಂದು, ಟೂಲ್ ಎರರ್ ಬರೆದು ಅಲ್ಲೇ ನಿಂತುಬಿಡುವುದು. ಇನ್ನೊಂದು, ಎಲ್ಲ ಸಲೀಸಾಗಿ ಓಡಿ ಕೊನೆಗೆ ತಪ್ಪು ಉತ್ತರ ಕೊಡುವುದು. ಮೊದಲನೆಯದಕ್ಕೆ ಹೆದರಬೇಡಿ, ಅದು ತಾನೇ ಕೂಗಿ ಹೇಳುತ್ತದೆ. ಎರಡನೆಯದು ಬಾಯಿ ಬಿಡುವುದಿಲ್ಲ, ನಾವೇ ಹೋಗಿ ಕೆದಕಬೇಕು. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮಾತು ಇಲ್ಯುಮಿನಾ ಮೆಷಿನ್‌ನಿಂದ ಬಂದ ಚಿಕ್ಕ ರೀಡ್‌ಗಳ, ಅಂದರೆ ಮೆಷಿನ್ ಓದಿದ ಡಿಎನ್‌ಎ ತುಣುಕುಗಳ ಬಗ್ಗೆ. ಅದರ ಒಂದೊಂದು ಅಕ್ಷರಕ್ಕೆ (ಎ, ಸಿ, ಜಿ, ಟಿ) ಬೇಸ್ ಅನ್ನುತ್ತೇವೆ. ದಾರಿ ನಿಮಗೆ ಗೊತ್ತಿದ್ದದ್ದೇ: ರೀಡ್‌ಗಳಿರುವ ಫಾಸ್ಟ್‌ಕ್ಯೂ ಫೈಲ್ ಬರುತ್ತದೆ, ಅದನ್ನು ಬಿಡಬ್ಲ್ಯೂಎ ಅನ್ನುವ ಟೂಲ್ ಹಾಕಿ ರೆಫರೆನ್ಸ್ ಜೀನೋಮ್‌ಗೆ (ಹೋಲಿಕೆಗೆ ಇಟ್ಟುಕೊಂಡ ಮಾದರಿ ಜೀನೋಮ್) ಕೂರಿಸುತ್ತೇವೆ, ಅಂದರೆ ಮ್ಯಾಪ್ ಮಾಡುತ್ತೇವೆ, ಬ್ಯಾಮ್ ಫೈಲ್ ಸಿಗುತ್ತದೆ, ಅದರಿಂದ ಬಿಸಿಎಫ್‌ಟೂಲ್ಸ್ ಅಥವಾ ಗ್ಯಾಟ್ಕ್ ವೇರಿಯಂಟ್‌ಗಳನ್ನು (ರೆಫರೆನ್ಸ್‌ಗಿಂತ ಬೇರೆಯಾದ ಜಾಗಗಳನ್ನು) ತೆಗೆದು ವಿಸಿಎಫ್ ಫೈಲ್ ಕೊಡುತ್ತದೆ. ಮನುಷ್ಯನ ಡೇಟಾ ಇರಲಿ, ಭತ್ತದ್ದಿರಲಿ, ಬ್ಯಾಕ್ಟೀರಿಯಾದ್ದಿರಲಿ, ದೋಷ ಹುಡುಕುವ ಕ್ರಮ ಒಂದೇ. ಮೇಲಿನಿಂದ ಕೆಳಗೆ ಬನ್ನಿ. ವಿಸಿಎಫ್ ಕೆಟ್ಟಿದೆ ಅಂತ ವಿಸಿಎಫ್‌ನಲ್ಲೇ ಹುಡುಕುತ್ತಾ ಕೂತರೆ ವಾರ ಕಳೆದರೂ ಸಿಗುವುದಿಲ್ಲ.

ಕೈ ಹಾಕುವ ಮೊದಲು

ಮೂಲ ಫಾಸ್ಟ್‌ಕ್ಯೂ ಫೈಲ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಬರೆಯುವ ಅನುಮತಿ ತೆಗೆದುಬಿಡಿ. ಟರ್ಮಿನಲ್‌ನಲ್ಲಿ > ಗುರುತಿನ ಮುಂದೆ ತಪ್ಪಾಗಿ ಮೂಲ ಫೈಲಿನ ಹೆಸರು ಬಿದ್ದರೆ ಒಂದೇ ಕ್ಷಣದಲ್ಲಿ ಅದು ಸೊನ್ನೆ ಬೈಟ್ ಆಗುತ್ತದೆ. ಮತ್ತೆ ಕೇಳುವುದಿಲ್ಲ, ಎಚ್ಚರಿಸುವುದಿಲ್ಲ. ಸ್ಯಾಂಪಲ್ ಮುಗಿದುಹೋಗಿದ್ದರೆ ಆ ಡೇಟಾ ಇನ್ನೆಲ್ಲೂ ಸಿಗದು. ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು.

ಎರಡನೆಯದು, ದೋಷ ಹುಡುಕುವಾಗ ಪೂರ್ತಿ ಡೇಟಾ ಓಡಿಸಬೇಡಿ. ಒಂದು ರೀಡಿಗೆ ನಾಲ್ಕು ಸಾಲು, ಹಾಗಾಗಿ ಫೈಲಿನ ಮೊದಲ 4 ಲಕ್ಷ ಸಾಲು ಕತ್ತರಿಸಿಕೊಂಡರೆ 1 ಲಕ್ಷ ರೀಡ್ ಸಿಗುತ್ತದೆ. ಹತ್ತು ಗಂಟೆ ಕಾದು ನೋಡುವ ಬಹುಪಾಲು ತಪ್ಪುಗಳು ಇಷ್ಟರಲ್ಲೇ ಎರಡು ನಿಮಿಷದಲ್ಲಿ ಕಾಣುತ್ತವೆ.

"ಫೈಲ್ ತೆರೆಯುತ್ತಿಲ್ಲ" ಅಥವಾ "ಅರ್ಧಕ್ಕೆ ನಿಲ್ಲುತ್ತದೆ"

ಫೈಲ್ ಅನಿರೀಕ್ಷಿತವಾಗಿ ಮುಗಿದಿದೆ ಅನ್ನುವ ಎರರ್ ಬಂದರೆ ಮೊದಲ ಗುಮಾನಿ ಡೌನ್‌ಲೋಡ್ ಮೇಲೆ. ರಾತ್ರಿ ಹಚ್ಚಿಟ್ಟ ಡೌನ್‌ಲೋಡ್ ನಡುವೆ ಕರೆಂಟ್ ಹೋಗಿಯೋ ನೆಟ್ ಕಡಿದೋ ಅರ್ಧಕ್ಕೆ ನಿಂತಿರುತ್ತದೆ. ಹೆಸರು ನೋಡಿದರೆ ಫೈಲ್ ಇದೆ, ಒಳಗೆ ಬಾಲವಿಲ್ಲ.

ಖರ್ಚಿಲ್ಲದ ಪರೀಕ್ಷೆ ಎರಡು. ಡೇಟಾ ಕೊಟ್ಟವರು ಜೊತೆಗೆ ಎಂಡಿ5 (ಫೈಲಿನ ಬೆರಳಚ್ಚಿನಂಥ ಅಕ್ಷರಸಾಲು) ಪಟ್ಟಿ ಕೊಟ್ಟಿರುತ್ತಾರೆ, ನಿಮ್ಮ ಕಡೆ ಎಂಡಿ5ಸಮ್ ಓಡಿಸಿ ಎರಡನ್ನೂ ಹೋಲಿಸಿ. ಒಂದಕ್ಷರ ಬೇರೆಯಾದರೂ ಫೈಲ್ ಬೇರೆ. ಪಟ್ಟಿ ಇಲ್ಲವೇ? ಜಿಜಿಪ್‌ನಲ್ಲೇ ಫೈಲ್ ಪರೀಕ್ಷಿಸುವ ಆಯ್ಕೆ ಇದೆ, ಅದು ಕೊನೆಯವರೆಗೂ ಓದಿ ಹೇಳುತ್ತದೆ. ಬ್ಯಾಮ್ ಫೈಲಿಗಾದರೆ ಸ್ಯಾಮ್‌ಟೂಲ್ಸ್‌ನ ಕ್ವಿಕ್‌ಚೆಕ್. ಸರಿಯಾಗಿ ಮುಗಿದ ಬ್ಯಾಮ್ ಫೈಲಿನ ತುದಿಯಲ್ಲಿ 28 ಬೈಟ್‌ನ ಒಂದು ಮುಕ್ತಾಯದ ಗುರುತು ಇರುತ್ತದೆ. ಅದು ಇಲ್ಲದಿದ್ದರೆ ಬರೆಯುತ್ತಿದ್ದ ಟೂಲ್ ನಡುವೆಯೇ ಸತ್ತಿದೆ ಎಂದರ್ಥ.

ಎರಡೂ ಸರಿ ಇದ್ದು ಬಿಡಬ್ಲ್ಯೂಎ ಮಾತ್ರ ರೀಡ್‌ಗಳ ಹೆಸರು ಹೊಂದುತ್ತಿಲ್ಲ ಅಂತ ನಿಂತರೆ, ಜೋಡಿ ಫೈಲ್‌ಗಳನ್ನು ನೋಡಿ. ಒಂದೇ ತುಣುಕನ್ನು ಎರಡು ತುದಿಯಿಂದ ಓದಿದ ಆರ್1 ಮತ್ತು ಆರ್2 ಎರಡರಲ್ಲೂ ಸಾಲಿನ ಸಂಖ್ಯೆ ಒಂದೇ ಇರಬೇಕು, 4ರಿಂದ ಶೇಷವಿಲ್ಲದೆ ಭಾಗವಾಗಬೇಕು. ಟ್ರಿಮ್ ಮಾಡುವಾಗ (ರೀಡಿನ ಬೇಡದ ಭಾಗ ಕತ್ತರಿಸುವಾಗ) ಎರಡನ್ನೂ ಬೇರೆ ಬೇರೆಯಾಗಿ ಓಡಿಸಿದ್ದರೆ ಒಂದು ಕಡೆ ಉಳಿದ ರೀಡಿನ ಜೋಡಿ ಇನ್ನೊಂದು ಕಡೆ ಬಿದ್ದುಹೋಗಿರುತ್ತದೆ. ಜೋಡಿಯಾಗಿಯೇ ಟ್ರಿಮ್ ಮಾಡಿ, ಮುಗಿಯಿತು.

"ಕಿಲ್ಡ್" ಅಂತ ಒಂದೇ ಪದ ಬಂದು ನಿಂತಿತು

ಟೂಲ್ ಏನೂ ಹೇಳದೆ ಸತ್ತು, ಎಕ್ಸಿಟ್ ಕೋಡ್ 137 ಬಂದಿದ್ದರೆ ಅದು ಟೂಲಿನ ತಪ್ಪಲ್ಲ. ಹೆಚ್ಚಿನ ಸಲ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ಕೊಂದಿರುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ರೀಡ್‌ಗಳನ್ನು ಜಾಗದ ಕ್ರಮದಲ್ಲಿ ಜೋಡಿಸುವ ಸ್ಯಾಮ್‌ಟೂಲ್ಸ್ ಸಾರ್ಟ್‌ಗೆ ನಾವು ಕೊಡುವ ಮೆಮೊರಿ ಮಿತಿ ಇಡೀ ಕೆಲಸಕ್ಕಲ್ಲ, ಒಂದೊಂದು ಥ್ರೆಡ್‌ಗೆ (ಒಟ್ಟಿಗೆ ಓಡುವ ಕೆಲಸದ ಎಳೆ). 4 ಜಿಬಿ ಅಂತ ಬರೆದು 16 ಥ್ರೆಡ್ ಕೇಳಿದರೆ 64 ಜಿಬಿ ಕೇಳಿದ ಹಾಗೆ. 32 ಜಿಬಿ ಯಂತ್ರ ಅದನ್ನು ಎಲ್ಲಿಂದ ತರಬೇಕು? ಥ್ರೆಡ್ ಕಡಿಮೆ ಮಾಡಿ, ಹೊಸ ರ‍್ಯಾಮ್ ಕೊಳ್ಳುವ ಯೋಚನೆ ಆಮೇಲೆ.

ಮೆಮೊರಿ ಸಾಕಷ್ಟಿದ್ದೂ ನಿಂತರೆ ಡಿಸ್ಕ್ ನೋಡಿ. ಮನುಷ್ಯನ ಜೀನೋಮ್ ಸುಮಾರು 310 ಕೋಟಿ ಬೇಸ್ ಉದ್ದ. 30 ಪಟ್ಟು ಆಳಕ್ಕೆ, ಅಂದರೆ ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿದರೆ 9,300 ಕೋಟಿ ಬೇಸ್, ಅಂದರೆ 150 ಬೇಸ್ ಉದ್ದದ 62 ಕೋಟಿ ರೀಡ್. ಸಾರ್ಟ್ ಆಗುವಾಗ ಹಳೆ ಫೈಲ್, ತಾತ್ಕಾಲಿಕ ಫೈಲ್, ಹೊಸ ಫೈಲ್ ಮೂರೂ ಒಟ್ಟಿಗೆ ಡಿಸ್ಕ್ ಮೇಲಿರುತ್ತವೆ. ತಾತ್ಕಾಲಿಕ ಫೈಲ್‌ಗಳ ಜಾಗ ದೊಡ್ಡ ಡಿಸ್ಕ್‌ನಲ್ಲಿ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಸರ್ವರ್‌ನಲ್ಲಿ ನಿಮ್ಮ ಜೊತೆ ಬೇರೆಯವರೂ ಕೆಲಸ ಮಾಡುತ್ತಿದ್ದರೆ ಜಾಗ ತುಂಬಿಸಿ ಅವರ ಕೆಲಸವನ್ನೂ ಕೆಡಿಸಬೇಡಿ. ಹಾಗಂತ ಜಾಗ ಮಾಡುವ ಅವಸರದಲ್ಲಿ ಏನನ್ನೋ ಅಳಿಸಲೂ ಬೇಡಿ. ಅಳಿಸುವ ಕಮಾಂಡ್ ಹೊಡೆಯುವ ಮೊದಲು ಅದೇ ಹೆಸರುಗಳನ್ನು ಒಮ್ಮೆ ಪಟ್ಟಿ ಮಾಡಿ ಕಣ್ಣಾಡಿಸಿ.

"ಫಾಸ್ಟ್‌ಕ್ಯೂಸಿ ವರದಿಯಲ್ಲಿ ಕೆಂಪು ಗುರುತುಗಳು"

ಹೊಸಬರು ಇಲ್ಲೇ ಜಾಸ್ತಿ ಗಾಬರಿಯಾಗುತ್ತಾರೆ. ರೀಡ್‌ಗಳ ಗುಣಮಟ್ಟ ಪರೀಕ್ಷಿಸುವ ಫಾಸ್ಟ್‌ಕ್ಯೂಸಿ ತನ್ನ ಅಳತೆಗೋಲನ್ನು ಸಾಮಾನ್ಯ ಪೂರ್ಣ ಜೀನೋಮ್ ಡೇಟಾಕ್ಕೆ ತಕ್ಕಂತೆ ಇಟ್ಟುಕೊಂಡಿದೆ. ಆರ್‌ಎನ್‌ಎ ಡೇಟಾ ಅಥವಾ ಒಂದೆರಡು ಜೀನ್‌ಗಳನ್ನಷ್ಟೇ ಪಿಸಿಆರ್ ಮಾಡಿ (ನಕಲು ಮಾಡಿ ಹೆಚ್ಚಿಸಿ) ಓದಿದ ಡೇಟಾ ಹಾಕಿದರೆ ಅದಕ್ಕೆ ಕೆಂಪು ಕೊಡದೆ ಬೇರೆ ದಾರಿಯಿಲ್ಲ. ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ರೀಡಿನ ಮೊದಲ ಹತ್ತು ಹನ್ನೆರಡು ಬೇಸ್‌ಗಳಲ್ಲಿ ಎ, ಸಿ, ಜಿ, ಟಿ ಪ್ರಮಾಣದ ಗೆರೆಗಳು ಮೇಲೆ ಕೆಳಗೆ ಕುಣಿಯುವುದು ಲೈಬ್ರರಿ (ಮೆಷಿನ್‌ಗೆ ಹಾಕುವ ಡಿಎನ್‌ಎ ಮಿಶ್ರಣ) ತಯಾರಿಸುವಾಗ ಬಳಸಿದ ಪ್ರೈಮರ್ ಎಂಬ ಗಿಡ್ಡ ತುಣುಕುಗಳಿಂದ. ಅದನ್ನು ಕತ್ತರಿಸಲು ಹೋಗಬೇಡಿ.

ನಾನು ವರದಿ ತೆರೆದ ಕೂಡಲೇ ನೋಡುವುದು ಮೂರು ಚಿತ್ರ.

ಮೊದಲನೆಯದು ಗುಣಮಟ್ಟದ ಗೆರೆ. 20 ಎಂದರೆ ನೂರರಲ್ಲಿ ಒಂದು ಬೇಸ್ ತಪ್ಪಿರಬಹುದು, 30 ಎಂದರೆ ಸಾವಿರದಲ್ಲಿ ಒಂದು. ರೀಡಿನ ಕೊನೆಗೆ ಬಂದಂತೆ ಸ್ವಲ್ಪ ಇಳಿಯುವುದು ಸಹಜ. ನಡುವೆಯೇ ಗುಂಡಿ ಬಿದ್ದಂತೆ ಇಳಿದು ಮತ್ತೆ ಏರಿದ್ದರೆ ಅದು ಮೆಷಿನ್ ಓಡುವಾಗ ಆದ ತೊಂದರೆ, ನೀವು ಸರಿ ಮಾಡುವಂಥದ್ದಲ್ಲ. ಆ ಚಿತ್ರವನ್ನೇ ಲ್ಯಾಬಿಗೆ ಕಳಿಸಿ.

ಎರಡನೆಯದು ಅಡಾಪ್ಟರ್, ಅಂದರೆ ಮೆಷಿನ್‌ಗಾಗಿ ತುಣುಕಿನ ತುದಿಗೆ ಅಂಟಿಸಿದ ಡಿಎನ್‌ಎ. ಡಿಎನ್‌ಎ ತುಣುಕು ರೀಡಿಗಿಂತ ಗಿಡ್ಡವಾಗಿದ್ದರೆ ಮೆಷಿನ್ ತುಣುಕನ್ನು ದಾಟಿ ಅಡಾಪ್ಟರ್ ಓದಲು ಶುರು ಮಾಡುತ್ತದೆ. ಸಾಮಾನ್ಯ ಇಲ್ಯುಮಿನಾ ಅಡಾಪ್ಟರ್ ಎ-ಜಿ-ಎ-ಟಿ-ಸಿ-ಜಿ-ಜಿ-ಎ-ಎ-ಜಿ-ಎ-ಜಿ-ಸಿ ಎಂದು ಶುರುವಾಗುತ್ತದೆ. ಇದನ್ನು ಕೆಲವು ದಿನ ನೋಡಿದರೆ ಕಣ್ಣಿಗೇ ಹಿಡಿಯುತ್ತದೆ. ಟ್ರಿಮ್ ಮಾಡುವ ಟೂಲ್ ಫಾಸ್ಟ್‌ಪಿ ಓಡಿಸಿದರೆ ಹೋಗುತ್ತದೆ. ರೀಡಿನ ಕೊನೆಯಲ್ಲಿ ಜಿ-ಜಿ-ಜಿ-ಜಿ ಎಂದು ಉದ್ದಕ್ಕೆ ಬಂದಿದ್ದರೆ ಅದು ಅಡಾಪ್ಟರ್ ಅಲ್ಲ. ನೋವಾಸೀಕ್, ನೆಕ್ಸ್ಟ್‌ಸೀಕ್ ಮೆಷಿನ್‌ಗಳು ಎರಡೇ ಬಣ್ಣದಲ್ಲಿ ಓದುತ್ತವೆ, ಅದರಲ್ಲಿ ಜಿ ಎಂದರೆ ಬೆಳಕೇ ಇಲ್ಲ ಎಂದು. ತುಣುಕು ಮುಗಿದು ಕತ್ತಲಾದರೂ ಮೆಷಿನ್ ಜಿ ಎಂದೇ ಬರೆಯುತ್ತದೆ. ಇದನ್ನೂ ಫಾಸ್ಟ್‌ಪಿ ತೆಗೆಯುತ್ತದೆ.

ಮೂರನೆಯದು ಜಿಸಿ ಪ್ರಮಾಣದ (ಬೇಸ್‌ಗಳಲ್ಲಿ ಜಿ ಮತ್ತು ಸಿ ಎಷ್ಟು ಪಾಲು) ಗುಡ್ಡ. ಒಂದು ಜೀವಿಯ ಡಿಎನ್‌ಎ ಮಾತ್ರ ಇದ್ದರೆ ಒಂದೇ ಗುಡ್ಡ ಬರಬೇಕು. ಮನುಷ್ಯನದ್ದಾದರೆ ಅದರ ಸರಾಸರಿ ಸುಮಾರು ಶೇ. 41, ಇ. ಕೋಲಿಗೆ ಶೇ. 51ರ ಹತ್ತಿರ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಶೇ. 65ರ ಆಚೆ. ಎರಡು ಗುಡ್ಡ ಕಂಡರೆ ಸ್ಯಾಂಪಲ್‌ನಲ್ಲಿ ಇನ್ಯಾರೋ ಇದ್ದಾರೆ. ಇದನ್ನು ಬರೆದಿಟ್ಟುಕೊಂಡು ಮುಂದಿನ ವಿಭಾಗಕ್ಕೆ ಬನ್ನಿ.

"ರೀಡ್‌ಗಳು ಮ್ಯಾಪ್ ಆಗುತ್ತಿಲ್ಲ"

ಸ್ಯಾಮ್‌ಟೂಲ್ಸ್ ಫ್ಲ್ಯಾಗ್‌ಸ್ಟ್ಯಾಟ್ ಓಡಿಸಿದಾಗ ಶೇ. 60 ಮಾತ್ರ ಮ್ಯಾಪ್ ಆಗಿದೆ ಅಂತ ಬಂತು ಅಂದುಕೊಳ್ಳಿ. ರಕ್ತದಿಂದ ತೆಗೆದ ಮನುಷ್ಯನ ಡಿಎನ್‌ಎ ಆಗಿದ್ದರೆ ಶೇ. 99ರ ಆಸುಪಾಸು ಇರಬೇಕಿತ್ತು. ಉಳಿದ 40 ಎಲ್ಲಿ ಹೋಯಿತು?

ಇಲ್ಲಿ ತಕ್ಷಣ ಬಿಡಬ್ಲ್ಯೂಎಯ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಸೆಟ್ಟಿಂಗ್ ಸಡಿಲ ಮಾಡಿದರೆ ಸಂಖ್ಯೆ ಏರುತ್ತದೆ, ನಿಜ. ಆದರೆ ಕೂರಬಾರದ ರೀಡ್‌ಗಳು ಕೂರಬಾರದ ಕಡೆ ಕೂರುತ್ತವೆ.

ಬದಲಿಗೆ ಮ್ಯಾಪ್ ಆಗದ ರೀಡ್‌ಗಳನ್ನಷ್ಟೇ ಬೇರೆ ಫೈಲಿಗೆ ತೆಗೆದು, ಹತ್ತನ್ನು ಪರದೆ ಮೇಲೆ ಹಾಕಿ ಓದಿ. ಹೌದು, ಕಣ್ಣಲ್ಲೇ. ಫಾಸ್ಟ್‌ಕ್ಯೂ ರೀಡಿಗೆ ನಾಲ್ಕು ಸಾಲು: @ ಗುರುತಿನಿಂದ ಶುರುವಾಗುವ ಹೆಸರು, ಬೇಸ್‌ಗಳು, ಒಂದು + ಗುರುತು, ಕೊನೆಗೆ ಗುಣಮಟ್ಟದ ಅಕ್ಷರಗಳು. ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ಎಫ್ ಅಕ್ಷರ ಪೂರ್ತಿ ತುಂಬಿದ್ದರೆ ಒಂದೊಂದು ಬೇಸಿನ ಗುಣಮಟ್ಟವೂ 37, ಬಹಳ ಚೆನ್ನಾಗಿದೆ. # ಗುರುತು ತುಂಬಿದ್ದರೆ ಬರೀ 2, ಆ ರೀಡ್ ಕಸ. ಎರಡನೇ ಸಾಲಿನಲ್ಲಿ ಬರೀ ಜಿ ಇದೆಯೇ, ಮೇಲೆ ಹೇಳಿದ ಅಡಾಪ್ಟರ್ ಇದೆಯೇ? ಹಾಗಿದ್ದರೆ ಟ್ರಿಮ್ ಸರಿಯಾಗಿ ಆಗಿಲ್ಲ, ಅಷ್ಟೇ.

ಗುಣಮಟ್ಟ ಚೆನ್ನಾಗಿದ್ದು, ಬೇಸ್‌ಗಳೂ ಸಹಜವಾಗಿ ಕಂಡರೆ ಆ ರೀಡ್ ನಿಜವಾದ ಯಾವುದೋ ಜೀವಿಯದ್ದು. ಯಾವುದು? ಗಿಡದ ಅಥವಾ ಬ್ಯಾಕ್ಟೀರಿಯಾದ ಡೇಟಾ ಆಗಿದ್ದರೆ ಹತ್ತು ರೀಡ್‌ಗಳನ್ನು ಯಾವ ಜೀವಿಗೆ ಹೋಲುತ್ತದೆ ಎಂದು ಹುಡುಕಿಕೊಡುವ ಎನ್‌ಸಿಬಿಐ ತಾಣದ ಬ್ಲಾಸ್ಟ್‌ಗೆ ಹಾಕಿ ನೋಡಿ. ರೋಗಿಯ ಡೇಟಾ ಆಗಿದ್ದರೆ ಸಾರ್ವಜನಿಕ ತಾಣಕ್ಕೆ ಒಂದು ರೀಡನ್ನೂ ಹಾಕಬೇಡಿ, ಜೀವಿ ಗುರುತಿಸುವ ಟೂಲ್ ಕ್ರಾಕೆನ್2 ಅನ್ನು ನಿಮ್ಮ ಯಂತ್ರದಲ್ಲೇ ಓಡಿಸಿ. ಅದರ ಚಿಕ್ಕ ಡೇಟಾಬೇಸ್ 8 ಜಿಬಿಯಲ್ಲಿ ಸಿಗುತ್ತದೆ.

ಬರುವ ಉತ್ತರಗಳು ಸಾಮಾನ್ಯವಾಗಿ ಇವು. ಬಾಯಿಯ ಬ್ಯಾಕ್ಟೀರಿಯಾಗಳು ಬಂದರೆ ಸ್ಯಾಂಪಲ್ ರಕ್ತದ್ದಲ್ಲ, ಜೊಲ್ಲಿನದ್ದು. ಅದರಲ್ಲಿ ತಪ್ಪೇನಿಲ್ಲ, ಮನುಷ್ಯನ ರೀಡ್‌ಗಳ ಆಳ ಸಾಕಾಗಿದೆಯೇ ಅಂತ ಮಾತ್ರ ನೋಡಿ. ಫೈಎಕ್ಸ್ ವೈರಸ್ ಬಂದರೆ ಅದು ಲ್ಯಾಬಿನವರು ಕಂಟ್ರೋಲ್ ಎಂದು ಬೇಕಂತಲೇ ಬೆರೆಸುವ 5,386 ಬೇಸ್‌ನ ಪುಟ್ಟ ಜೀನೋಮ್, ತೆಗೆದು ಬಿಸಾಡಿ. ಗಿಡದ ಡೇಟಾದಲ್ಲಿ ಶಿಲೀಂಧ್ರ ಬಂದರೆ ಎಲೆಗೆ ರೋಗ ಇತ್ತು. ಸ್ಯಾಂಪಲ್ ಭತ್ತದ್ದು ಅಂತ ಹೇಳಿ ರಾಗಿ ಬಂದರೆ ಟ್ಯೂಬ್ ಅದಲುಬದಲಾಗಿದೆ. ಅಲ್ಲಿಗೇ ನಿಲ್ಲಿಸಿ, ಲ್ಯಾಬಿಗೆ ಫೋನ್ ಮಾಡಿ.

ಬೇರೆ ಯಾವ ಜೀವಿಯದ್ದೂ ಅಲ್ಲ, ಅದೇ ಜೀವಿಯದ್ದೇ ಎಂದು ಬಂದರೆ ರೆಫರೆನ್ಸ್ ನೋಡಿ. ಫೈಲ್ ಪೂರ್ತಿ ಇದೆಯೇ, ಇಂಡೆಕ್ಸ್ ಮಾಡಿದ ಮೇಲೆ ಯಾರಾದರೂ ಅದನ್ನು ಬದಲಿಸಿದ್ದಾರೆಯೇ? ಆರ್‌ಎನ್‌ಎ ಡೇಟಾವನ್ನು ಬಿಡಬ್ಲ್ಯೂಎಗೆ ಕೊಟ್ಟಿದ್ದರೂ ಹೀಗಾಗುತ್ತದೆ. ಆರ್‌ಎನ್‌ಎ ರೀಡ್ ಒಂದು ಎಕ್ಸಾನ್‌ನಿಂದ (ಜೀನಿನಲ್ಲಿ ಆರ್‌ಎನ್‌ಎಗೆ ಉಳಿಯುವ ತುಂಡು) ಇನ್ನೊಂದಕ್ಕೆ ಹಾರುತ್ತದೆ, ಆ ಜಿಗಿತ ಬಿಡಬ್ಲ್ಯೂಎಗೆ ಗೊತ್ತಿಲ್ಲ. ಅದಕ್ಕೆ ಸ್ಟಾರ್ ಅಥವಾ ಹೈಸ್ಯಾಟ್2 ಬೇಕು.

ಕಲಬೆರಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನುವುದಕ್ಕೆ ಒಂದು ನಿಜ ಪ್ರಸಂಗವಿದೆ. ಟಾರ್ಡಿಗ್ರೇಡ್ ಅನ್ನುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ರಾಣಿಯ ಜೀನೋಮ್ 2015ರಲ್ಲಿ ಪ್ರಕಟವಾಯಿತು. ಅದರ ಆರನೇ ಒಂದು ಭಾಗದಷ್ಟು ಜೀನ್‌ಗಳು ಬ್ಯಾಕ್ಟೀರಿಯಾ ಮುಂತಾದ ಬೇರೆ ಜೀವಿಗಳಿಂದ ಬಂದಿವೆ ಎಂದು ಆ ತಂಡ ಬರೆದಿತ್ತು. ಅದೇ ಪ್ರಾಣಿಯನ್ನು ಓದುತ್ತಿದ್ದ ಎಡಿನ್‌ಬರಾದ ಇನ್ನೊಂದು ತಂಡ ರೀಡ್‌ಗಳ ಆಳ ಮತ್ತು ಜಿಸಿ ಪ್ರಮಾಣ ನೋಡಿ, ಅದರಲ್ಲಿ ಬಹುಪಾಲು ಪ್ರಾಣಿಯ ಜೊತೆಗಿದ್ದ ಬ್ಯಾಕ್ಟೀರಿಯಾಗಳ ಡಿಎನ್‌ಎ ಎಂದು ತೋರಿಸಿತು. ಎರಡು ಗುಡ್ಡ ಕಂಡರೆ ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

"ಮ್ಯಾಪ್ ಆಗಿದೆ, ಆದರೆ ವಿಸಿಎಫ್ ಖಾಲಿ"

ಒಂದು ಶನಿವಾರ ಸಂಜೆ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಸರ್, ಎರರ್ ಏನೂ ಇಲ್ಲ. ಆದ್ರೆ ಒಂದೂ ವೇರಿಯಂಟ್ ಸಿಗ್ತಿಲ್ಲ. ಎರಡು ದಿನದಿಂದ ಇದೇ." ಫೈಲ್ ತೆರೆದರೆ ತಲೆಬರಹದ ಸಾಲುಗಳಿವೆ, ಕೆಳಗೆ ಏನೂ ಇಲ್ಲ. ಬ್ಯಾಮ್ ಫೈಲಿನ ತಲೆಬರಹ ನೋಡಿದೆ, ಕ್ರೋಮೋಸೋಮ್ ಹೆಸರು "ಸಿಎಚ್‌ಆರ್1". ಅವಳು ಕೊಟ್ಟಿದ್ದ ಬೆಡ್ ಫೈಲಿನಲ್ಲಿ (ಜೀನೋಮಿನ ಯಾವ ಜಾಗ ನೋಡಬೇಕು ಎಂಬ ಪಟ್ಟಿ) ಬರೀ "1". ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಊರು. ಒಂದು ಸಾಲಿನ ಕಮಾಂಡ್‌ನಲ್ಲಿ ಸರಿಯಾಯಿತು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಇಂಥ ಪುಟ್ಟ ಕಾರಣಕ್ಕೆ ಮಕ್ಕಳು ತಮಗೆ ಬುದ್ಧಿಯಿಲ್ಲ ಅಂದುಕೊಳ್ಳುವುದು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ. ಕೆಲವು ಟೂಲ್‌ಗಳು ಹೆಸರು ಹೊಂದದಿದ್ದರೆ ಜಗಳ ತೆಗೆಯುತ್ತವೆ, ಕೆಲವು ಸುಮ್ನೆ ಖಾಲಿ ಫೈಲ್ ಕೊಟ್ಟು ಹೋಗುತ್ತವೆ. ತಪ್ಪು ಅವಳದ್ದಲ್ಲ.

ಹೆಸರು ಹೊಂದಿದರೂ ಸಮಸ್ಯೆ ಮುಗಿಯಿತು ಅನ್ನಬೇಡಿ. ಮನುಷ್ಯನ ರೆಫರೆನ್ಸ್‌ಗೆ ಎರಡು ಆವೃತ್ತಿ ಈಗಲೂ ಬಳಕೆಯಲ್ಲಿವೆ. ಜಿಆರ್‌ಸಿಎಚ್37 ಬಂದದ್ದು 2009ರಲ್ಲಿ, ಜಿಆರ್‌ಸಿಎಚ್38 ಬಂದದ್ದು 2013ರಲ್ಲಿ. ಎರಡರಲ್ಲೂ ಒಂದೇ ಜೀನ್ ಬೇರೆ ಬೇರೆ ಜಾಗದಲ್ಲಿ ಕೂತಿರುತ್ತದೆ. ಗುರುತು ಹಿಡಿಯುವುದು ಸುಲಭ: ಬ್ಯಾಮ್ ತಲೆಬರಹದಲ್ಲಿ 1ನೇ ಕ್ರೋಮೋಸೋಮಿನ ಉದ್ದ ನೋಡಿ. 249250621 ಇದ್ದರೆ ಅದು 37, 248956422 ಇದ್ದರೆ 38. ಈ ಎರಡು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ, ವರ್ಷಕ್ಕೆ ಹತ್ತು ಸಲವಾದರೂ ಬೇಕಾಗುತ್ತದೆ. ಬ್ಯಾಮ್, ಬೆಡ್, ಗೊತ್ತಿರುವ ವೇರಿಯಂಟ್‌ಗಳ ಪಟ್ಟಿ, ಮೂರೂ ಒಂದೇ ಆವೃತ್ತಿಯವು ಆಗಿರಬೇಕು.

ವಿಸಿಎಫ್ ಪೂರ್ತಿ ಖಾಲಿ ಇಲ್ಲ, ಆದರೆ ಬೇಕಾದ ಜೀನ್‌ನಲ್ಲಿ ಮಾತ್ರ ಏನೂ ಇಲ್ಲವೇ? ಕೂತ ರೀಡ್‌ಗಳನ್ನು ಚಿತ್ರವಾಗಿ ತೋರಿಸುವ ಐಜಿವಿಯಲ್ಲಿ ಆ ಜಾಗ ತೆರೆಯಿರಿ. ರೀಡ್‌ಗಳೇ ಇಲ್ಲದಿದ್ದರೆ ಆಳ ಸಾಲದು. ಲೆಕ್ಕ ಸರಳ: ರೀಡ್ ಸಂಖ್ಯೆಯನ್ನು ಉದ್ದದಿಂದ ಗುಣಿಸಿ ಜೀನೋಮ್ ಗಾತ್ರದಿಂದ ಭಾಗಿಸಿ. 46 ಲಕ್ಷ ಬೇಸ್‌ನ ಇ. ಕೋಲಿಗೆ 150 ಬೇಸ್‌ನ 10 ಲಕ್ಷ ರೀಡ್ ಇದ್ದರೆ ಸುಮಾರು 32 ಪಟ್ಟು. ರೀಡ್‌ಗಳು ಇವೆ, ಆದರೆ ಎಲ್ಲವೂ ಬಿಳಿಯಾಗಿ, ಟೊಳ್ಳಾಗಿ ಕಾಣುತ್ತವೆಯೇ? ಅವುಗಳ ಮ್ಯಾಪಿಂಗ್ ಗುಣಮಟ್ಟ ಸೊನ್ನೆ. ಅಂದರೆ ಆ ರೀಡ್ ಜೀನೋಮಿನಲ್ಲಿ ಇನ್ನೊಂದು ಕಡೆಯೂ ಅಷ್ಟೇ ಚೆನ್ನಾಗಿ ಕೂರುತ್ತದೆ, ಹಾಗಾಗಿ ಟೂಲ್ ಅದನ್ನು ನಂಬುವುದಿಲ್ಲ. ಜಿಆರ್‌ಸಿಎಚ್38ರ 21ನೇ ಕ್ರೋಮೋಸೋಮಿನಲ್ಲಿ ಯು2ಎಎಫ್1 ಮತ್ತು ಸಿಬಿಎಸ್ ಜೀನ್‌ಗಳು ತಪ್ಪಾಗಿ ಎರಡೆರಡು ಸಲ ಸೇರಿಕೊಂಡಿವೆ. ರಕ್ತದ ಕ್ಯಾನ್ಸರ್ ಕಡೆ ಕೆಲಸ ಮಾಡುವವರಿಗೆ ಯು2ಎಎಫ್1 ಬಹಳ ಮುಖ್ಯ. ಅಲ್ಲಿ ವೇರಿಯಂಟ್ ಇಲ್ಲ ಅಂತ ಬಂದರೆ ಇಲ್ಲ ಅಂತಲೇ ಅರ್ಥವಲ್ಲ. ಆ ನಕಲು ಜಾಗಗಳನ್ನು ಮುಚ್ಚಿದ ರೆಫರೆನ್ಸ್ ಬಳಸಿ ಮತ್ತೆ ಮ್ಯಾಪ್ ಮಾಡಬೇಕು.

"ವೇರಿಯಂಟ್‌ಗಳು ವಿಪರೀತ ಬಂದಿವೆ"

ಒಬ್ಬ ಮನುಷ್ಯನ ಪೂರ್ಣ ಜೀನೋಮಿನಲ್ಲಿ ರೆಫರೆನ್ಸ್‌ಗಿಂತ ಬೇರೆಯಾದ ಜಾಗಗಳು 40ರಿಂದ 50 ಲಕ್ಷ. ಇದಕ್ಕಿಂತ ತೀರಾ ಜಾಸ್ತಿ ಬಂದರೆ ಗುಮಾನಿ ಪಡಿ.

ಮೊದಲು ಅಗ್ಗದ ಪರೀಕ್ಷೆ: ಬಿಸಿಎಫ್‌ಟೂಲ್ಸ್ ಸ್ಟ್ಯಾಟ್ಸ್ ಓಡಿಸಿ ಟಿಐ-ಟಿವಿ ಅನುಪಾತ ನೋಡಿ. ಎ ಮತ್ತು ಜಿ ನಡುವೆ, ಸಿ ಮತ್ತು ಟಿ ನಡುವೆ ಆಗುವ ಬದಲಾವಣೆ ಟಿಐ, ಉಳಿದವು ಟಿವಿ. ಟಿಐ ಪ್ರಕೃತಿಯಲ್ಲಿ ಜಾಸ್ತಿ. ಹಾಗಾಗಿ ಪೂರ್ಣ ಜೀನೋಮಿಗೆ ಈ ಅನುಪಾತ 2ರ ಆಸುಪಾಸು, ಎಕ್ಸೋಮ್‌ಗೆ (ಜೀನೋಮಿನಲ್ಲಿ ಎಕ್ಸಾನ್‌ಗಳ ಭಾಗ ಮಾತ್ರ) 3ರ ಆಸುಪಾಸು ಬರುತ್ತದೆ. ಕಣ್ಣು ಮುಚ್ಚಿ ಅಕ್ಷರ ಬದಲಿಸುತ್ತಾ ಹೋದರೆ 0.5 ಬರುತ್ತದೆ, ಯಾಕೆಂದರೆ ಒಂದು ಅಕ್ಷರ ಬದಲಾಗಲು ಇರುವ ಮೂರು ದಾರಿಯಲ್ಲಿ ಒಂದೇ ಆ ಬಗೆಯದ್ದು. ನಿಮ್ಮ ಎಕ್ಸೋಮ್ 1.5 ಕೊಟ್ಟರೆ ಪಟ್ಟಿಯಲ್ಲಿ ಕಸ ಬಹಳ ಸೇರಿದೆ.

ಕಸದ ಮೂಲ ಹಲವು. ಪಿಸಿಆರ್ ನಕಲುಗಳನ್ನು ಗುರುತಿಸದೆ ಬಿಟ್ಟಿದ್ದರೆ ಒಂದೇ ತುಣುಕಿನ ತಪ್ಪು ಇಪ್ಪತ್ತು ಸಾಕ್ಷಿಯಂತೆ ಕಾಣುತ್ತದೆ. ಐಜಿವಿಯಲ್ಲಿ ನೋಡಿದರೆ ಒಂದೇ ಜಾಗದಲ್ಲಿ ಶುರುವಾಗಿ ಒಂದೇ ಜಾಗದಲ್ಲಿ ಮುಗಿಯುವ ರೀಡ್‌ಗಳು ಇಟ್ಟಿಗೆ ಜೋಡಿಸಿದ ಹಾಗೆ ನಿಂತಿರುತ್ತವೆ. ಬದಲಾವಣೆ ರೀಡ್‌ಗಳ ತುದಿಯಲ್ಲಷ್ಟೇ ಕಂಡರೆ ಅಡಾಪ್ಟರ್ ಉಳಿದಿದೆ, ಅಥವಾ ಪಕ್ಕದಲ್ಲಿ ಒಂದು ಸೇರ್ಪಡೆಯೋ ಅಳಿವೋ ಇದ್ದು ರೀಡ್ ವಕ್ರವಾಗಿ ಕೂತಿದೆ.

ಇನ್ನೊಂದು ಲಕ್ಷಣ ನೋಡಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುವಾಗ, ಒಂದು ಪ್ರತಿಯಲ್ಲಿ ಬದಲಾವಣೆ ಇದ್ದರೆ ಸುಮಾರು ಅರ್ಧ ರೀಡ್‌ಗಳಲ್ಲಿ ಅದು ಕಾಣಬೇಕು. ಸಾವಿರಾರು ಜಾಗದಲ್ಲಿ ಶೇ. 10, ಶೇ. 15 ಮಾತ್ರ ಕಂಡರೆ ಇನ್ನೊಬ್ಬ ಮನುಷ್ಯನ ಡಿಎನ್‌ಎ ಬೆರೆತಿದೆ. ವೆರಿಫೈಬ್ಯಾಮ್‌ಐಡಿ ಅದರ ಪ್ರಮಾಣ ಹೇಳುತ್ತದೆ. ಬ್ಯಾಕ್ಟೀರಿಯಾಕ್ಕೆ ಒಂದೇ ಪ್ರತಿ ಇರುವುದು, ಅಲ್ಲಿ ಅರ್ಧರ್ಧ ಕಂಡರೆ ಎರಡು ತಳಿ ಬೆರೆತಿರಬಹುದು. ಮೊದಲು ಟೂಲಿಗೆ ಪ್ಲಾಯ್ಡಿ (ಪ್ರತಿಗಳ ಸಂಖ್ಯೆ) 1 ಎಂದು ಹೇಳಿದ್ದೀರಾ ನೋಡಿಕೊಳ್ಳಿ.

ಅಪರೂಪದ ವೇರಿಯಂಟ್‌ಗಳು ಮಾತ್ರ ಜಾಸ್ತಿ ಬಂದಿದ್ದರೆ ದೋಷ ನಿಮ್ಮ ಡೇಟಾದಲ್ಲಿ ಇಲ್ಲದೆಯೂ ಇರಬಹುದು. ದೊಡ್ಡ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರ ಪಾಲು ಹೆಚ್ಚು. ನಮ್ಮವರಲ್ಲಿ ಸಾಮಾನ್ಯವಾದದ್ದು ಅಲ್ಲಿ ಅಪರೂಪ ಅನ್ನಿಸಿಕೊಳ್ಳುತ್ತದೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ 25 ಬೇಸ್ ಅಳಿದುಹೋಗಿರುವ ಒಂದು ವೇರಿಯಂಟ್ ಭಾರತೀಯರಲ್ಲಿ ಸುಮಾರು ಶೇ. 4 ಮಂದಿಯಲ್ಲಿದೆ ಎಂದು 2009ರಲ್ಲೇ ಪ್ರಕಟವಾಗಿದೆ. ಬೇರೆ ಖಂಡದವರಲ್ಲಿ ಇದು ಸಿಗುವುದೇ ಕಷ್ಟ. ಹಾಗಾಗಿ ಒಟ್ಟು ಸರಾಸರಿ ನೋಡಬೇಡಿ, ವೇರಿಯಂಟ್‌ಗಳ ಡೇಟಾಬೇಸ್ ಆದ ನೊಮ್ಯಾಡ್‌ನ ದಕ್ಷಿಣ ಏಷ್ಯಾ ಕಾಲಮ್ ನೋಡಿ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳಾಗಿ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ. ಆ ಡೇಟಾ ಫರಿದಾಬಾದ್‌ನ ಐಬಿಡಿಸಿ ಎಂಬ ಜೀವವಿಜ್ಞಾನ ಡೇಟಾ ಕೇಂದ್ರದಲ್ಲಿದೆ, ಸಂಶೋಧಕರು ಅರ್ಜಿ ಹಾಕಿ ಕೇಳಬಹುದು.

"ಎಲ್ಲ ಸರಿ ಇದೆ, ಆದರೂ ಫಲಿತಾಂಶ ನಂಬಿಕೆ ಬರುತ್ತಿಲ್ಲ"

ಆ ಅನುಮಾನವನ್ನು ತಳ್ಳಿಹಾಕಬೇಡಿ. ಒಂದೇ ಜೀವಿಯ ಎರಡು ಸ್ಯಾಂಪಲ್ ಅದಲುಬದಲಾದರೆ ಮೇಲಿನ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಡೇಟಾ ಚೆನ್ನಾಗಿರುತ್ತದೆ, ಬೇರೆಯವರದ್ದಾಗಿರುತ್ತದೆ.

ಸುಲಭದ ಪರೀಕ್ಷೆ ಎಕ್ಸ್ ಮತ್ತು ವೈ ಕ್ರೋಮೋಸೋಮಿನ ಆಳ. ಸ್ಯಾಮ್‌ಟೂಲ್ಸ್ ಐಡಿಎಕ್ಸ್‌ಸ್ಟ್ಯಾಟ್ಸ್ ಸೆಕೆಂಡಿನಲ್ಲಿ ಹೇಳುತ್ತದೆ. ಗಂಡಸರಲ್ಲಿ ಎಕ್ಸ್ ಆಳ ಉಳಿದವುಗಳ ಅರ್ಧ ಇರುತ್ತದೆ, ವೈ ಕಾಣುತ್ತದೆ. ಹೆಂಗಸರಲ್ಲಿ ಎಕ್ಸ್ ಪೂರ್ತಿ, ವೈ ಹತ್ತಿರಹತ್ತಿರ ಸೊನ್ನೆ. ಪಟ್ಟಿಯಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ನಿಲ್ಲಿಸಿ. ತಂದೆ, ತಾಯಿ, ಮಗುವಿನ ಡೇಟಾ ಒಟ್ಟಿಗೆ ಇದ್ದರೆ ಸೊಮಾಲಿಯರ್ ಹಾಕಿ ಸಂಬಂಧ ಹೊಂದುತ್ತದೆಯೇ ನೋಡಿ. ಇಲ್ಲಿ ಬಹಳ ಎಚ್ಚರ ಬೇಕು. ಸಂಬಂಧ ಹೊಂದದಿರುವುದಕ್ಕೆ ಟ್ಯೂಬ್ ಬದಲಾದದ್ದಲ್ಲದೆ ಮನೆಯೊಳಗಿನ ಕಾರಣಗಳೂ ಇರಬಹುದು. ಅದನ್ನು ನೀವು ಯಾರಿಗೂ ಹೇಳಬೇಡಿ, ಜೆನೆಟಿಕ್ ಕೌನ್ಸೆಲರ್‌ಗೆ ಒಪ್ಪಿಸಿ.

ಗರ್ಭದಲ್ಲಿರುವ ಮಗುವಿನ ಸ್ಯಾಂಪಲ್ ಆಗಿದ್ದರೆ ಇನ್ನೂ ಕಟ್ಟುನಿಟ್ಟು. ಭ್ರೂಣದ ಲಿಂಗ ತಿಳಿಸುವುದು ಭಾರತದಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ವರದಿಯಲ್ಲಾಗಲಿ, ಚಿತ್ರದಲ್ಲಾಗಲಿ, ಫೈಲಿನ ಹೆಸರಿನಲ್ಲಾಗಲಿ ಆ ಸುಳಿವು ಕುಟುಂಬದ ಕೈ ಸೇರಬಾರದು.

"ಜೀನಿನ ಹೆಸರು ತಾರೀಖು ಆಗಿದೆ"

ಪಟ್ಟಿಯಲ್ಲಿ ಜೀನಿನ ಜಾಗದಲ್ಲಿ ಸೆಪ್ಟೆಂಬರ್ 2, ಮಾರ್ಚ್ 1 ಎಂದು ಕಂಡರೆ ಎಕ್ಸೆಲ್ ಕೈಯಾಡಿಸಿದೆ, ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ತಾರೀಖು ಅಂದುಕೊಂಡಿದೆ. 2016ರಲ್ಲಿ ಪ್ರಕಟಿತ ಲೇಖನಗಳ ಪಟ್ಟಿಗಳನ್ನು ಪರಿಶೀಲಿಸಿದಾಗ ಐದರಲ್ಲಿ ಒಂದರಷ್ಟು ಕಡೆ ಈ ತಪ್ಪು ಸಿಕ್ಕಿತ್ತು. 2020ರಲ್ಲಿ ಜೀನ್‌ಗಳ ಹೆಸರನ್ನೇ ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಬದಲಿಸಬೇಕಾಯಿತು. ಹಳೆ ಫೈಲ್‌ಗಳಲ್ಲಿ ಹಳೆ ಹೆಸರೇ ಇರುತ್ತದೆ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಡೇಟಾ ಮೆನುವಿನಿಂದ ತಂದು ಆ ಕಾಲಮ್‌ಗೆ ಟೆಕ್ಸ್ಟ್ ಎಂದು ಹೇಳಿ. ಒಮ್ಮೆ ತಾರೀಖಾಗಿ ಸೇವ್ ಆದದ್ದು ವಾಪಸ್ ಬರುವುದಿಲ್ಲ, ಮೂಲ ಫೈಲಿನಿಂದಲೇ ಮತ್ತೆ ತೆಗೆಯಬೇಕು.

"ಜಾಗ ಒಂದು ಬೇಸ್ ಆಚೀಚೆ"

ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ವಿಸಿಎಫ್ ಮತ್ತು ಜಿಎಫ್‌ಎಫ್ (ಜೀನ್‌ಗಳ ಜಾಗ ಹೇಳುವ ಫೈಲ್) ಒಂದರಿಂದ. ವಿಸಿಎಫ್‌ನ 100ನೇ ಜಾಗ ಬೆಡ್‌ನಲ್ಲಿ 99ರಿಂದ 100. ಕೈಯಲ್ಲಿ ಬೆಡ್ ಫೈಲ್ ತಯಾರಿಸಿದವರಲ್ಲಿ ಬಹಳ ಮಂದಿ ಇಲ್ಲಿ ತಪ್ಪುತ್ತಾರೆ. ಒಂದು ಗೊತ್ತಿರುವ ಜಾಗವನ್ನು ಐಜಿವಿಯಲ್ಲಿ ತೆರೆದು ಹೋಲಿಸಿದರೆ ಸಾಕು.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಗುಣಮಟ್ಟದಲ್ಲಿ ಗುಂಡಿ, ಬೇರೆ ಜೀವಿ, ಬೇರೆ ಲಿಂಗ, ಇನ್ನೊಬ್ಬರ ಡಿಎನ್‌ಎ ಬೆರಕೆ: ಈ ನಾಲ್ಕನ್ನು ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಲು ಹೋಗಬೇಡಿ. ಲ್ಯಾಬಿಗೆ ಹೋಗಿ. ಹೋಗುವಾಗ ಸ್ಯಾಂಪಲ್ ಐಡಿ, ಮೆಷಿನ್ ಓಡಿದ ದಿನ, ಫಾಸ್ಟ್‌ಕ್ಯೂಸಿ ಚಿತ್ರ, ಫ್ಲ್ಯಾಗ್‌ಸ್ಟ್ಯಾಟ್ ಉತ್ತರ ಇಷ್ಟು ಒಯ್ಯಿರಿ. ಟೂಲಿನ ದೋಷ ಅನ್ನಿಸಿದರೆ ಟೂಲಿನ ಆವೃತ್ತಿ, ಪೂರ್ತಿ ಕಮಾಂಡ್, ಪೂರ್ತಿ ಎರರ್, ತಪ್ಪು ಮರುಕಳಿಸುವ ಆ 1 ಲಕ್ಷ ರೀಡಿನ ತುಣುಕು ಕೊಟ್ಟು ಕೇಳಿ. ರೋಗಿಯ ತುಣುಕಾದರೆ ಕೊಡಬೇಡಿ, ಸಾರ್ವಜನಿಕ ಡೇಟಾದಲ್ಲಿ ಅದೇ ತಪ್ಪು ಬರುತ್ತದೆಯೇ ನೋಡಿ ಅದನ್ನು ಕೊಡಿ. ಹೆಸರು ತೆಗೆದರೂ ಜೀನೋಮ್ ಜೀನೋಮೇ, ಅದರಿಂದ ಮನುಷ್ಯನನ್ನೂ ಅವನ ಅಣ್ಣತಮ್ಮಂದಿರನ್ನೂ ಗುರುತಿಸಬಹುದು.

ರೋಗಿಗೆ ಸಂಬಂಧಿಸಿದ ವೇರಿಯಂಟ್ ಸಿಕ್ಕಿದ್ದರೆ ಅದು ನಿಮ್ಮ ಮಟ್ಟಿಗೆ ಇನ್ನೂ ಗುಮಾನಿ ಅಷ್ಟೇ. ಅದೇ ವ್ಯಕ್ತಿಯ ಹೊಸ ಸ್ಯಾಂಪಲ್‌ನಲ್ಲಿ, ಮಾನ್ಯತೆ ಪಡೆದ ಕ್ಲಿನಿಕಲ್ ಲ್ಯಾಬಿನಲ್ಲಿ, ಸ್ಯಾಂಗರ್ ವಿಧಾನದಿಂದಲೋ ಬೇರೆ ವಿಧಾನದಿಂದಲೋ ಮತ್ತೆ ನೋಡಬೇಕು. ಅಲ್ಲಿಯವರೆಗೆ ಮನೆಯವರು ಫೋನ್ ಮಾಡಿ "ಏನಾದ್ರೂ ಸಿಕ್ತಾ?" ಅಂತ ಕೇಳಿದರೂ ಉತ್ತರ ವೈದ್ಯರಿಂದಲೇ ಹೋಗಲಿ.